ಅವ್ವನ ಪರೀಕ್ಷೆ, ನನ್ನ ರಜೆ

ಬಿಡುವಿಲ್ಲ ಎಂದು ಹೇಳಿಕೊಳ್ಳುವುದರಲ್ಲಿ ಎಂಥ ಸುಖವಿದೆ ಎಂಬುದು ನಿಜವಾಗಿ ಬಿಡುವಿಲ್ಲದವರಿಗೆ ಗೊತ್ತಿರುವುದಿಲ್ಲ. ಪಾಪ, ಅವರಿಗೆ ಹೇಳಿಕೊಳ್ಳುವುದಕ್ಕೂ ಪುರುಸೊತ್ತಿರುವುದಿಲ್ಲ. ನನಗೆ ಗೊತ್ತು. ಕಾಲೇಜಿನಲ್ಲಿ ನಾನು ತರಗತಿಯ ಪ್ರತಿನಿಧಿ, ಸಾಂಸ್ಕೃತಿಕ ಸಮಿತಿಯ ಸದಸ್ಯೆ, ನೃತ್ಯ ತಂಡದಲ್ಲಿ ಹಿಂದಿನ ಸಾಲಿನವಳು, ಮತ್ತು ರಕ್ತದಾನ ಶಿಬಿರದಲ್ಲಿ ರಕ್ತ ಕೊಡದೆ ಬಿಸ್ಕತ್ತು ಹಂಚುವವಳು. ಇವುಗಳ ನಡುವೆ ಎಲ್ಲೋ ಒಂದು ಕಡೆ ಕೆಮಿಕಲ್ ಎಂಜಿನಿಯರಿಂಗ್ ಕೂಡ ನಡೆಯುತ್ತಿರುತ್ತದೆ. ಮನೆಯಿಂದ ಫೋನ್ ಬಂದರೆ ನಾನು ಯಾವಾಗಲೂ ಮೆಟ್ಟಿಲು ಇಳಿಯುತ್ತಲೋ ಹತ್ತುತ್ತಲೋ ಇರುತ್ತೇನೆ. ಕೂತಿದ್ದರೂ ಎದ್ದು ನಿಂತು ಮಾತಾಡುತ್ತೇನೆ. ಏದುಸಿರು ಕೇಳಿಸದಿದ್ದರೆ ಬಿಜಿ ಇದ್ದೇನೆ ಎಂದು ಯಾರು ನಂಬುತ್ತಾರೆ?

ಕಾಲೇಜು ಇರುವುದು ಎಣ್ಣೂರಿನ ಕಡೆ. ಹಾಸ್ಟೆಲಿನ ಕಿಟಕಿ ತೆರೆದರೆ ವಿದ್ಯುತ್ ಸ್ಥಾವರದ ಚಿಮಣಿಗಳು ಒಳಗೆ ಬಂದಂತಾಗುತ್ತದೆ, ಮುಚ್ಚಿದರೆ ಅಷ್ಟರಲ್ಲೇ ಬಂದಿದ್ದ ಮೀನಿನ ವಾಸನೆ ಹೊರಗೆ ಹೋಗುವುದಿಲ್ಲ. ನಮ್ಮ ಮನೆ ನುಂಗಂಬಾಕ್ಕಂನಲ್ಲಿ. ಅಂದರೆ ಅದೇ ಚೆನ್ನೈ. ಹಟ ಹಿಡಿದು ಹಾಸ್ಟೆಲ್ ಸೇರಿದವಳು ನಾನು; ಕ್ಯಾಂಪಸ್ ಜೀವನ ಬೇಕು ಅಂದಿದ್ದೆ. ಸೆಮಿಸ್ಟರ್ ಮುಗಿದಾಗ ನನ್ನ ಗೆಳತಿಯರೆಲ್ಲ ಮದುರೈ, ಕೊಯಮತ್ತೂರು, ತಿರುನೆಲ್ವೇಲಿ ಎಂದು ಗಾಲಿ ಪೆಟ್ಟಿಗೆ ಎಳೆದುಕೊಂಡು, ತಬ್ಬಿಕೊಂಡು, ಕಣ್ಣೀರಿಟ್ಟು ರಾತ್ರಿ ರೈಲು ಹತ್ತುತ್ತಾರೆ. ನಾನೂ ಅವರಷ್ಟೇ ಕಣ್ಣೀರಿಟ್ಟು ಲೋಕಲ್ ರೈಲು ಹತ್ತುತ್ತೇನೆ. ಬೀಚ್ ಸ್ಟೇಷನ್ನಿನಲ್ಲಿ ರೈಲು ಬದಲಾಯಿಸುವಾಗ ಕಣ್ಣೀರು ಒಣಗಿರುತ್ತದೆ.

ಆದರೂ ಮನೆಯಲ್ಲಿ ಪ್ರತಿ ಸಲವೂ ಪರದೇಶದಿಂದ ಬಂದವಳ ಮರ್ಯಾದೆ. ಅಪ್ಪ ಬಟ್ಟೆ ಅಂಗಡಿಯಿಂದ ಬೇಗ ಬರುತ್ತಾರೆ, ಅವ್ವ ಬದನೆಕಾಯಿ ಎಣ್ಣೆಗಾಯಿ ಮಾಡಿರುತ್ತಾಳೆ, ಅಜ್ಜಿ ನನ್ನ ಕೆನ್ನೆ ಹಿಂಡಿ "ಸೊರಗಿಯಲ್ಲ ಲೀಲಾ" ಎಂದು ಸುಳ್ಳು ಹೇಳುತ್ತಾಳೆ. ಗದಗ ಬಿಟ್ಟು ಬಂದು ಎಷ್ಟೋ ವರ್ಷವಾದರೂ ನಮ್ಮ ಮನೆಯ ಅಡುಗೆ, ಜಗಳ, ಮುದ್ದು ಮೂರೂ ಆ ಕಡೆಯ ಭಾಷೆಯಲ್ಲೇ ನಡೆಯುತ್ತವೆ. ನಾನೊಬ್ಬಳು ಮಾತ್ರ ಅರ್ಧ ತಮಿಳು ಅರ್ಧ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಬೈಸಿಕೊಳ್ಳುತ್ತೇನೆ. ಹೆಸರು ಶಿವಲೀಲಾ, ಕಾಲೇಜಿನಲ್ಲಿ 'ಶಿವಾ' ಅನ್ನುತ್ತಾರೆ. ಒಮ್ಮೆ ಹಾಸ್ಟೆಲಿಗೆ ಬಂದಿದ್ದ ಅಜ್ಜಿ, ಯಾರೋ ನನ್ನನ್ನು ಕೂಗಿದ್ದನ್ನು ಕೇಳಿ, ಇಷ್ಟು ದೈವಭಕ್ತಿ ಇರೋ ಕಾಲೇಜು ನೋಡೇ ಇಲ್ಲ ಎಂದು ಕೈಮುಗಿದಿದ್ದಳು.

ಈ ಸಲ ಬಾಗಿಲು ತೆರೆದದ್ದು ಅಜ್ಜಿ. ತೆರೆದವಳೇ ತುಟಿಯ ಮೇಲೆ ಬೆರಳಿಟ್ಟಳು.

"ಸಪ್ಪಳ ಮಾಡಬ್ಯಾಡ. ನಿಮ್ಮವ್ವ ಓದಾಕತ್ತಾಳ."

ಅವ್ವ ಓದುವುದರಲ್ಲಿ ವಿಶೇಷವೇನಿಲ್ಲ, ದಿನಪತ್ರಿಕೆಯನ್ನು ಜಾಹೀರಾತು ಸಹಿತ ಓದುತ್ತಾಳೆ. ಆದರೆ ಇಲ್ಲಿ ನನ್ನ ಕೋಣೆಯಲ್ಲಿ, ನನ್ನ ಮೇಜಿನ ಮುಂದೆ, ನನ್ನದೇ ಹಳೆಯ ಹಳದಿ ಪೆನ್ನಿನಿಂದ ಪುಸ್ತಕದಲ್ಲಿ ಗೆರೆ ಎಳೆಯುತ್ತ, ಕಿವಿ ಮುಚ್ಚಿಕೊಂಡು ತುಟಿ ಅಲುಗಿಸುತ್ತ ಕೂತಿದ್ದಳು. ನನ್ನನ್ನು ನೋಡಿ ನಕ್ಕಳು. ಪ್ಯಾರಾ ಮುಗಿಯುವವರೆಗೆ ಏಳಲಿಲ್ಲ.

"ಏನವ್ವ ಇದು?"

"ಬಿ.ಎ. ಸಮಾಜಶಾಸ್ತ್ರ. ಮುಂದಿನ ವಾರ ಫಸ್ಟ್ ಪೇಪರ್."

"ನಂಗೆ ಯಾಕೆ ಸೊಲ್ಲಲೆ? ಐ ಮೀನ್, ಯಾಕ ಹೇಳ್ಲಿಲ್ಲ?"

"ಹೇಳಿದ್ನಲ್ಲ! ಅಂಚೆ ಶಿಕ್ಷಣಕ್ಕ ಸೇರೀನಿ ಅಂತ ಫೋನಿನ್ಯಾಗ ಹೇಳ್ದೆ. ನೀ 'ಸೂಪರ್ ಅವ್ವ' ಅಂದಿ, ಇಟ್ಟಿ."

ಇರಬಹುದು. ಮೆಟ್ಟಿಲು ಹತ್ತುತ್ತ ನಾನು ಬಹಳಷ್ಟು ಸಂಗತಿಗಳಿಗೆ ಸೂಪರ್ ಎಂದಿದ್ದೇನೆ. ಅವ್ವ ಮದುವೆಯಾಗಿ ಮದ್ರಾಸಿಗೆ ಬರುವಾಗ ಬಿ.ಎ. ಮೊದಲ ವರ್ಷದಲ್ಲಿದ್ದಳಂತೆ. ಬಿಟ್ಟಿದ್ದ ಓದಿನ ಪರೀಕ್ಷೆ ಬರೆಯಲು ಅವಳಿಗೆ ಸಿಕ್ಕಿದ ಮುಹೂರ್ತ ನನ್ನ ರಜೆ.

ಮೊದಲ ದಿನ ನಡುಮನೆಯ ಸೋಫಾದ ಮೇಲೆ ಮಲಗಿದೆ. ಎಷ್ಟು ಹೊತ್ತಾದರೂ ಏಳುವುದಿಲ್ಲ ಎಂದು ತಿಂಗಳುಗಟ್ಟಲೆ ಕನಸು ಕಂಡಿದ್ದ ನಿದ್ದೆ ಅದು. ಬೆಳಕು ಹರಿಯುವ ಮೊದಲೇ ಎಚ್ಚರವಾಯಿತು. ಹಾಸ್ಟೆಲಿನಲ್ಲಿ ಬಿಸಿನೀರಿಗೆ ಸರದಿ ಹಿಡಿಯುವ ಹೊತ್ತು. ಇಲ್ಲಿ ಬಿಸಿನೀರಿತ್ತು, ಸರದಿ ಇರಲಿಲ್ಲ. ಎದ್ದು ಸ್ನಾನ ಮಾಡಿದೆ. ಆಮೇಲೆ ಏನು ಮಾಡಬೇಕು ಎಂಬುದೇ ಹೊಳೆಯಲಿಲ್ಲ. ಬಾಲ್ಕನಿಗೆ ಹೋದೆ, ಬಂದೆ. ಫ್ರಿಜ್ ತೆರೆದೆ, ಮುಚ್ಚಿದೆ. ಕಾಲೇಜಿನ ವಾಟ್ಸಾಪ್ ಗುಂಪು ನೋಡಿದೆ. ದಿನಕ್ಕೆ ನೂರು ಸಲ ಗುಂಯ್‌ಗುಡುತ್ತಿದ್ದ ಅದು ಸತ್ತವರ ಮನೆಯಂತೆ ಮೌನವಾಗಿತ್ತು. ನೀವೆಲ್ಲ ಹೇಗಿದ್ದೀರಿ ಎಂದು ಹಾಕಿದೆ. ಯಾರೋ ಒಬ್ಬರು ಹೆಬ್ಬೆಟ್ಟು ತೋರಿಸಿದರು. ಅಪ್ಪ ಪೇಪರಿನ ಮೇಲಿಂದ ನೋಡಿ, "ಯಾಕ ಹಿಂಗ ಬೋನಿನ್ಯಾಗಿನ ಹುಲಿಗತೆ ಅಡ್ಡಾಡಾಕತ್ತಿ? ಒಂದ್ ಕಡೆ ಕುಂದ್ರು" ಎಂದರು. ಕೂತೆ. ಕಾಲು ತಾನಾಗಿ ಅಲುಗಾಡತೊಡಗಿತು. ಅಜ್ಜಿ ಮೊಣಕಾಲಿನ ಮೇಲೆ ಕೈಯಿಟ್ಟು ಅದನ್ನು ನಿಲ್ಲಿಸಿದಳು.

ಕೆಲಸವಿಲ್ಲದ ಕಾರ್ಯಕರ್ತೆ ಅಪಾಯಕಾರಿ. ಮರುದಿನ ನಾನು ಅವ್ವನ ಪರೀಕ್ಷೆಯನ್ನು ಕೈಗೆತ್ತಿಕೊಂಡೆ. ಕಾಲೇಜಿನಲ್ಲಿ ನಾವು ಓದುವ ವಿದ್ಯೆಯೇ ಬೇರೆ: ಹಳೆಯ ಪ್ರಶ್ನೆಪತ್ರಿಕೆ ನೋಡುವುದು, ಪದೇ ಪದೇ ಬಂದದ್ದನ್ನು ಓದುವುದು, ಬಾರದೆ ಇದ್ದುದನ್ನು ದೇವರಿಗೆ ಬಿಡುವುದು. ಇದನ್ನು ಅವ್ವನಿಗೆ ವಿವರಿಸಿದೆ.

"ಅಂದ್ರ ನಡುವಿನ ಪಾಠ ಓದೂದ ಬ್ಯಾಡೇನು?" ಎಂದಳು ಅವ್ವ, ಕಳ್ಳತನ ಮಾಡಲು ಹೇಳಿದವಳನ್ನು ನೋಡುವಂತೆ.

"ಅದು ಬರೋದೇ ಇಲ್ಲ ಅವ್ವ."

"ಬರದಿದ್ರ ಏನಾತು? ಒಳಗ ಏನೈತಿ ಅಂತ ತಿಳೀಬೇಕಲ್ಲ!"

ಮೂರು ವರ್ಷದಲ್ಲಿ ಯಾವ ಪುಸ್ತಕದ ಬಗ್ಗೆಯೂ ನನಗೆ ಈ ಅನುಮಾನ ಬಂದಿರಲಿಲ್ಲ. ಸುಮ್ಮನೆ ಅಡುಗೆಮನೆಗೆ ಹೋದೆ. ಅಲ್ಲಿಯೂ ಜಾಗ ಖಾಲಿ ಇತ್ತು, ಯಾಕೆಂದರೆ ಅವ್ವ ಮೇಜು ಬಿಟ್ಟು ಏಳುತ್ತಿರಲಿಲ್ಲ. ನಾನು ಅನ್ನ, ಸಾರು, ಪಲ್ಯ ಮಾಡಿದೆ. ಅಪ್ಪ ಊಟ ಮಾಡಿ, "ಪರವಾಯಿಲ್ಲ" ಎಂದು ತಮಿಳಿನಲ್ಲಿ ಹೇಳಿದರು. ಕೆಟ್ಟ ಸುದ್ದಿಯನ್ನು ಅವರು ತಮಿಳಿನಲ್ಲೇ ಹೇಳುವುದು.

ಅಜ್ಜಿಗೆ ಮಾತ್ರ ಈ ಓದು ಬಲು ಖುಷಿ ಕೊಟ್ಟಿತ್ತು. ಸಂಜೆ ಅವ್ವ ಪಾಠ ಒಪ್ಪಿಸುವುದು ಅವಳ ಮುಂದೆಯೇ. ಅವ್ವ ಕಣ್ಣು ಮುಚ್ಚಿ, ಕುಟುಂಬವೆಂದರೆ ಹೀಗೆ, ಕುಟುಂಬದ ಕಾರ್ಯಗಳು ಹೀಗೆ ಎಂದು ಇಂಗ್ಲಿಷಿನಲ್ಲಿ ಹೇಳಿ ಆಮೇಲೆ ಕನ್ನಡದಲ್ಲಿ ಬಿಡಿಸುತ್ತಿದ್ದಳು. ಅಜ್ಜಿ ಮಧ್ಯೆ ಬಾಯಿ ಹಾಕಿ, "ಅತ್ತಿ ಸೊಸಿ ಬಗ್ಗೆ ಏನ್ ಬರದಾರ?" ಎಂದು ಕೇಳಿದಳು.

"ಅದು ಸಂಘರ್ಷದ ಪಾಠದಾಗ ಬರ್ತೈತಿ ಅತ್ತಿ."

"ಯಾರ ಪರ ಬರದಾರ?"

"ಯಾರ ಪರನೂ ಇಲ್ಲ."

"ಹಂಗಾರ ಬರದಾವ ಗಂಡಸ ಇರಬೇಕು" ಎಂದು ಅಜ್ಜಿ ತೀರ್ಪು ಕೊಟ್ಟಳು.

ಅವ್ವನಿಗೆ ಜೊತೆಗಾರರೂ ಇದ್ದರು. ಭಾನುವಾರದ ತರಗತಿಗಳಲ್ಲಿ ಪರಿಚಯವಾದವರು. ಅವರಲ್ಲಿ ಸೆಲ್ವಿ ಎಂಬ ಬ್ಯೂಟಿ ಪಾರ್ಲರಿನವಳು ದಿನಕ್ಕೆ ಹಲವು ಸಲ ಫೋನ್ ಮಾಡುತ್ತಿದ್ದಳು. ಇಬ್ಬರೂ ತಮಿಳಿನಲ್ಲಿ ಗುಸುಗುಸು ಮಾತಾಡಿ, ಕಿಲಕಿಲ ನಗುತ್ತಿದ್ದರು. ನಾನು ಕೋಣೆಗೆ ಹೋದರೆ ಮಾತು ನಿಲ್ಲುತ್ತಿತ್ತು. "ಏನು ಅವ್ವ?" ಅಂದರೆ "ಏನಿಲ್ಲ, ನಮ್ಮ ಕ್ಲಾಸಿಂದು" ಅನ್ನುತ್ತಿದ್ದಳು. ನಾನು ಮತ್ತೆ ಬಾಲ್ಕನಿಗೆ ಹೋಗುತ್ತಿದ್ದೆ. ಎದುರುಮನೆಯವರು ನನ್ನನ್ನು ನೋಡಿ ನೋಡಿ, ಈ ಹುಡುಗಿಗೆ ಏನೋ ಕಾಯಿಲೆ ಎಂದುಕೊಂಡಿರಬೇಕು. ಒಂದು ದಿನ ಎಳನೀರು ಕಳಿಸಿದರು.

ಪರೀಕ್ಷೆಯ ಬೆಳಿಗ್ಗೆ ಬಂತು. ಅವ್ವ ಮಡಿಚಿಟ್ಟ ಇಳಕಲ್ ಸೀರೆ ಹಾಸಿಗೆಯ ಮೇಲೆ ಹಾಗೇ ಇತ್ತು. ಅವ್ವ ಹಳೆಯ ನೈಟಿಯಲ್ಲಿ ಅಡುಗೆಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಅವ್ವ, ಹೊತ್ತಾಯ್ತು, ಏಳು."

"ನಾ ಹೋಗಂಗಿಲ್ಲ."

ನಗುತ್ತಿದ್ದಾಳೆ ಅಂದುಕೊಂಡೆ. ನಗುತ್ತಿರಲಿಲ್ಲ. ಸಿಪ್ಪೆಯನ್ನು ಕಾಳಿನ ಬಟ್ಟಲಿಗೆ ಹಾಕುತ್ತಿದ್ದಳು. "ಎಲ್ಲಾ ಮರತೀನಿ. ಮೂರು ತಾಸು ಕುಂತು ಬರೀಬೇಕಂದ್ರ ಕೈ ಎಲ್ಲಿ ಬರ್ತೈತಿ? ಈ ಕೈ ಬರದು ಎಷ್ಟು ವರ್ಷ ಆತು. ಫೇಲಾದ್ರ ನಿನ್ನ ಮುಂದ, ಎಲ್ಲಾರ ಮುಂದ... ಬ್ಯಾಡ. ಮುಂದಿನ ಸಲ ನೋಡೂಣು."

ನನಗೆ ಗಾಬರಿಯಾಯಿತು. ಅವ್ವ ಹೆದರಿದ್ದನ್ನು ನಾನು ನೋಡಿರಲಿಲ್ಲ. ನನಗೆ ಜ್ವರ ಬಂದಾಗಲೂ, ಮಳೆ ನೀರು ಮನೆಯೊಳಗೆ ನುಗ್ಗಿದಾಗಲೂ ಅವಳು ಸೆರಗು ಸಿಕ್ಕಿಸಿಕೊಂಡು ನಿಂತವಳು. ನೃತ್ಯ ತಂಡ ವೇದಿಕೆ ಏರುವ ಮುಂಚೆ ನಾನು ಮಾಡುವ ಭಾಷಣವೊಂದಿದೆ, ಅದನ್ನೇ ಮಾಡಿದೆ: ನಿನ್ನಿಂದ ಆಗುತ್ತೆ, ನಿನ್ನನ್ನು ನಂಬು, ಸೋಲು ಗೆಲುವು ಮುಖ್ಯವಲ್ಲ ಇತ್ಯಾದಿ. ತಂಡದವರು ಇದನ್ನು ಕೇಳಿ ಚಪ್ಪಾಳೆ ತಟ್ಟುತ್ತಾರೆ. ಅವ್ವ ಇನ್ನೊಂದು ಅವರೆಕಾಯಿ ಎತ್ತಿಕೊಂಡಳು. ಅಪ್ಪ ಬಾಗಿಲಲ್ಲಿ ಸ್ಕೂಟರಿನ ಕೀಲಿ ತಿರುಗಿಸುತ್ತ ನಿಂತಿದ್ದರು. ಏನು ಹೇಳಬೇಕೋ ತಿಳಿಯದೆ ಪೆಟ್ರೋಲ್ ತುಂಬಿಸಿದ್ದೇನೆ ಎಂದರು.

ಆಗ ಅಜ್ಜಿ ಗೋಡೆ ಹಿಡಿದುಕೊಂಡು ಬಂದು ಅವ್ವನ ಎದುರಿಗೆ ಸ್ಟೂಲಿನ ಮೇಲೆ ಕೂತಳು.

"ಗಿರಿಜಾ, ನೀ ಪಾಸಾಗೂದು ಫೇಲಾಗೂದು ನಿನಗ ಬಿಟ್ಟಿದ್ದು. ಆದ್ರ ನಾ ಗದಗಿಗೆ ಫೋನ್ ಮಾಡಿ ನಮ್ಮ ಅಕ್ಕಗ, ತಂಗಿಗ, ಬಾಜೂ ಮನಿ ಶಾಂತವ್ವಗ, ಎಲ್ಲಾರಿಗೂ ನನ್ನ ಸೊಸಿ ಇವತ್ತ ಬಿ.ಎ. ಪರೀಕ್ಷಾ ಬರೀತಾಳ ಅಂತ ಹೇಳೀನಿ. ಅವ್ರು ಸಂಜೀಕ ಫೋನ್ ಮಾಡ್ತಾರ. ನಾ ಏನ್ ಹೇಳಲಿ? ಮನ್ಯಾಗ ಕುಂತು ಅವರೀಕಾಯಿ ಸುಲದ್ಲು ಅನ್ನಲೇನು? ನನ್ನ ಮರ್ಯಾದಿ ಏನಾಕ್ಕೈತಿ?"

ಅವ್ವ ತಲೆ ಎತ್ತಿ ಅಜ್ಜಿಯನ್ನೇ ನೋಡಿದಳು. ಆಮೇಲೆ ಅವ್ವನ ತುಟಿ ಅಲುಗಿತು.

"ಇದು ಸಾಮಾಜಿಕ ನಿಯಂತ್ರಣ" ಎಂದಳು. "ಅನೌಪಚಾರಿಕ. ನಾಕ್ ಜನ ಏನಂತಾರ ಅನ್ನೋ ಅಂಜಿಕಿ. ಉದಾಹರಣಿ ಸಹಿತ ವಿವರಿಸಿರಿ ಅಂತ ಕೇಳ್ತಾರ!" ಎಂದವಳೇ ನಗಲು ಶುರುಮಾಡಿದಳು. ನಗುತ್ತಲೇ ಕಣ್ಣೊರೆಸಿಕೊಂಡು, ಅವರೆಕಾಯಿ ಬುಟ್ಟಿಯನ್ನು ನನ್ನ ಮಡಿಲಿಗೆ ತಳ್ಳಿ, ಸೀರೆ ಉಡಲು ಎದ್ದು ಹೋದಳು.

ಪರೀಕ್ಷಾ ಕೇಂದ್ರ ಬೆಸೆಂಟ್ ನಗರದ ಒಂದು ಶಾಲೆ. ಅಪ್ಪನ ಸ್ಕೂಟರಿನಲ್ಲಿ ಮೂವರು ಹೋಗುವಂತಿರಲಿಲ್ಲ. ನಾನು ಹಟ ಮಾಡಿ ಅವ್ವನ ಜೊತೆ ಆಟೋದಲ್ಲಿ ಹೋದೆ. ಗೇಟಿನ ಒಳಗೆ ಹೋಗುವಾಗ ಅವಳು ತಿರುಗಿ ನೋಡಿದಳು, ನಾನು ಕೈ ಬೀಸಿದೆ. ಗಂಟೆ ಹೊಡೆಯಿತು. ನನ್ನ ಸ್ವಂತ ಪರೀಕ್ಷೆಗಳಲ್ಲಿ ನಾನು ಎಂದೂ ಹೆದರಿದವಳಲ್ಲ, ಆದರೆ ಆ ಗಂಟೆ ಕೇಳಿದ ಮೇಲೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಗೇಟಿನ ಎದುರಿನ ಹೊಂಗೆ ಮರದ ಕೆಳಗೆ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ನಡೆದೆ. ಅಲ್ಲಿ ಇನ್ನೂ ಕೆಲವರು ಕಾಯುತ್ತಿದ್ದರು, ಹೆಚ್ಚಿನವರು ಗಂಡಂದಿರು. ಅವರಲ್ಲೊಬ್ಬರು ಪೇಪರ್ ಹಾಸಿಕೊಂಡು ನಿಶ್ಚಿಂತೆಯಾಗಿ ಕೂತಿದ್ದವರು, ನನ್ನನ್ನು ಬಹಳ ಹೊತ್ತು ನೋಡಿ ತಮಿಳಿನಲ್ಲಿ ಕೇಳಿದರು:

"ಮೊದಲನೆಯದಾ ಅಮ್ಮಾ?"

"ಹೌದು ಸಾರ್."

"ನಮ್ಮದು ಮೂರನೆಯದು. ಮೊದಲನೆಯದಕ್ಕೆ ಹಾಗೇ ಆಗುತ್ತೆ. ಗಾಬರಿಪಡಬೇಡ, ಎಲ್ಲ ಸುಸೂತ್ರವಾಗಿ ಆಗುತ್ತೆ."

ಅವರು ಹೇಳಿದ ಧಾಟಿಗೆ, ಒಳಗಿನಿಂದ ನರ್ಸ್ ಬಂದು ಗಂಡೋ ಹೆಣ್ಣೋ ಹೇಳುತ್ತಾಳೇನೋ ಎಂದು ನಾನೂ ಗೇಟಿನ ಕಡೆ ನೋಡಿದೆ.

ಕೊನೆಗೆ ಗಂಟೆ ಹೊಡೆದು ಜನ ಹೊರಬಂದರು. ಅವ್ವ ಎಲ್ಲರಿಗಿಂತ ಕೊನೆಗೆ ಬಂದಳು. ಬೆರಳಿನ ತುಂಬ ಶಾಯಿ, ಕೂದಲು ಕೆದರಿ, ಮುಖ ಮಾತ್ರ ಹಬ್ಬದ ದಿನದ ಹಾಗೆ. ಒಬ್ಬಳೇ ಬರಲಿಲ್ಲ, ನಾಲ್ಕಾರು ಹೆಂಗಸರ ನಡುವೆ, ಎಲ್ಲರೂ ಒಟ್ಟಿಗೆ ಮಾತಾಡುತ್ತ, ಯಾವ ಪ್ರಶ್ನೆಗೆ ಯಾರು ಏನು ಬರೆದರು ಎಂದು ಜಗಳವಾಡುತ್ತ ಬಂದಳು. ನಾನು ಓಡಿ ಹೋಗಿ ನೀರಿನ ಬಾಟಲಿ ಕೊಟ್ಟೆ.

"ಹೆಂಗಾತು ಅವ್ವ?"

"ಹೆಚ್ಚಿನ ಹಾಳಿ ತಗೊಂಡೆ!" ಎಂದಳು. ಜಗತ್ತಿನ ಎಲ್ಲ ಉತ್ತರವೂ ಅದರಲ್ಲಿತ್ತು. ಆಮೇಲೆ ಗೆಳತಿಯರ ಕಡೆ ತಿರುಗಿ ತಮಿಳಿನಲ್ಲಿ, "ಇವಳೇ ನನ್ನ ಮಗಳು" ಅಂದಳು. ಸೆಲ್ವಿ ನನ್ನ ಕೈ ಹಿಡಿದು, "ಓ, ಯಾವಾಗಲೂ ಬಿಜಿ ಇರೋ ಮಗಳು!" ಎಂದಳು. ಎಲ್ಲರೂ ನಕ್ಕರು. ನನ್ನ ಖ್ಯಾತಿ ಸಮಾಜಶಾಸ್ತ್ರ ವಿಭಾಗವನ್ನೂ ಮುಟ್ಟಿತ್ತು.

"ಸರಿ, ಆಟೋ ಹಿಡೀಲಾ?" ಎಂದೆ.

ಅವ್ವ ಸ್ವಲ್ಪ ಸಂಕೋಚಪಟ್ಟಳು. "ನೀ ಮನೀಗ್ ನಡಿ. ನಾವು ಹಂಗ ಬೀಚಿಗೆ ಹೋಗಿ, ಕಡ್ಲಿ ಸುಂಡಲ್ ತಿಂದು ಬರ್ತೀವಿ."

"ನಾನೂ ಬರ್ತೀನಿ ಅವ್ವ, ನಂಗೇನ್ ಕೆಲಸ?"

ಅವ್ವ ಗೆಳತಿಯರನ್ನು ನೋಡಿದಳು, ಗೆಳತಿಯರು ಅವ್ವನನ್ನು ನೋಡಿದರು. ಅವ್ವ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದಳು: "ತಪ್ಪ ತಿಳೀಬ್ಯಾಡ ಲೀಲಾ. ನಮ್ಮ ಬ್ಯಾಚಿನವ್ರಷ್ಟ ಹೊಂಟೀವಿ."

ಇಳಕಲ್ ಸೆರಗು ಹಾರಿಸುತ್ತ ಅವಳು ಸಮುದ್ರದ ಕಡೆ ಹೋದಳು. ನಾನು ಬಸ್ ಸ್ಟಾಪಿನಲ್ಲಿ ನಿಂತು, ಯಾರಿಗಾದರೂ ನನ್ನಿಂದ ಏನಾದರೂ ಆಗಬೇಕಾಗಿದೆಯೇ ಎಂದು ಕಾಲೇಜಿನ ಗುಂಪು ತೆರೆದೆ. ಮುಂದಿನ ಉತ್ಸವಕ್ಕೆ ಸಮಿತಿ ಆಗಿತ್ತು, ನನ್ನ ಹೆಸರಿರಲಿಲ್ಲ. ಶಿವಾ ಬಿಜಿ ಇರುತ್ತಾಳೆ, ತೊಂದರೆ ಕೊಡುವುದು ಬೇಡ ಎಂದು ಯಾರೋ ಪುಣ್ಯಾತ್ಮರು ಬರೆದಿದ್ದರು, ಅದಕ್ಕೆ ಎಲ್ಲರೂ ಹೆಬ್ಬೆಟ್ಟು ತೋರಿಸಿದ್ದರು.

ಅಷ್ಟರಲ್ಲಿ ಅಜ್ಜಿಯ ಫೋನ್ ಬಂತು. ನಾನು ಮೊದಲನೇ ರಿಂಗಿಗೇ ಎತ್ತಿದೆ. ನಿಂತಲ್ಲೇ ನಿಂತು, ಒಂದು ಚೂರೂ ಏದುಸಿರಿಲ್ಲದೆ, "ಹೇಳು ಅಜ್ಜಿ, ಏನ್ ಬೇಕು? ಫ್ರೀ ಇದೀನಿ, ಈಗಲೇ ಬಂದು ಬಿಸಿಬಿಸಿ ಅಡುಗೆ ಮಾಡಿ ಹಾಕ್ತೀನಿ" ಎಂದೆ.

"ಅವಸರ ಮಾಡಬ್ಯಾಡ ಯವ್ವಾ" ಎಂದಳು ಅಜ್ಜಿ, ತುಂಬ ಅಕ್ಕರೆಯಿಂದ. "ನಿಮ್ಮಪ್ಪ ಹೋಟೆಲಿನಿಂದ ಇಡ್ಲಿ ತಂದಾನ. ನಾವು ಉಂಡೀವಿ. ನೀ ಆರಾಮ ಬಾ."