ತಣ್ಣನೆಯ ಎಂಜಿನ್ನಿಗೆ ಐಸ್ ಸೇವೆ

ಸಾನ್ ರೊಕಿನೊ ಎಂಬ ಬರಂಗಾಯ್ ಹಳ್ಳಿಯ ಪಂಚಾಯಿತಿಯ ಹಳೆಯ ಆಂಬುಲೆನ್ಸಿನ ಎಂಜಿನ್ ಸದಾ ಕುದಿಯುತ್ತಿರುತ್ತದೆ ಎಂಬುದು ಸಭೆಯಲ್ಲಿ ಸರ್ವಾನುಮತದಿಂದ ಅಂಗೀಕೃತವಾದ ಸಂಗತಿ. ವಾರಗಟ್ಟಲೆ ನಿಂತ ಗಾಡಿಯೇ ಆದರೂ ಕೀಲಿ ತಿರುಗಿಸಿದ ಕೂಡಲೇ ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪಿಗೆ ಹೋಗಿ ಕೂರುತ್ತದೆ. ಮುಳ್ಳು ಕೆಂಪಿನಲ್ಲಿರುವಾಗ ಗಾಡಿ ಹೊರಡತಕ್ಕದ್ದಲ್ಲ ಎಂಬ ನಿಯಮವಿದೆ. ಆದ್ದರಿಂದ ಗಾಡಿ ಹೊರಡುವುದಿಲ್ಲ. ಅದರ ಎರಡೂ ಮಗ್ಗುಲಿಗೆ ಬಳಿದಿರುವ ಮುಖ್ಯಸ್ಥೆ ಕಪಿತಾನಾ ಪೆರ್ಪೆತುವಾ ಅವರ ನಗುಮುಖ ಮಾತ್ರ ದಿನವಿಡೀ ಜನಸೇವೆಯಲ್ಲಿರುತ್ತದೆ.

ಚಾಲಕ ತೆರ್ಯೋಗೆ ಮೊದಮೊದಲು ಬೇಸರವೇನೂ ಇರಲಿಲ್ಲ. ಹೊರಡದ ಗಾಡಿಯ ಚಾಲಕನಷ್ಟು ಸುಖಿ ಯಾರಿದ್ದಾರೆ? ಆದರೆ ಮಗಳು ಮರಿವಿಕ್‌ಗೆ ದಿನ ತುಂಬುತ್ತ ಬಂತು. ಆಸ್ಪತ್ರೆ ಇದ್ದದ್ದು ಗುಡ್ಡದಾಚೆಯ ಪಟ್ಟಣದಲ್ಲಿ. ಊರಿನ ಟ್ರೈಸಿಕಲ್ಲುಗಳು ಬಸುರಿಯನ್ನು ಕೂರಿಸಿಕೊಂಡು ಆ ಏರು ಹತ್ತುವ ಪೈಕಿಯಲ್ಲ. ತೆರ್ಯೋಗೆ ಭಯವಾಯಿತು. ಜೀಪ್ನಿ ಬಸ್ಸುಗಳ ರಿಪೇರಿಯ ಡೆಲ್ಫಿನ್‌ನನ್ನು ಕರೆತಂದ.

ಡೆಲ್ಫಿನ್ ಎಂಜಿನ್ ಮೇಲೆ ಅಂಗೈ ಇಟ್ಟ. ತಣ್ಣಗಿತ್ತು. ಕೀಲಿ ತಿರುಗಿಸಿದ, ಮುಳ್ಳು ಕೆಂಪಿಗೆ ಏರಿತು. ನೀರಿನ ಬಿಸಿ ಅಳೆಯುವ ಸೆನ್ಸರಿನ ವೈರು ಕಿತ್ತ, ಮುಳ್ಳು ಮಲಗಿತು. ಮತ್ತೆ ಸಿಕ್ಕಿಸಿದ, ಎದ್ದು ಕೂತಿತು.

"ವೈರು ಸರಿ ಇದೆ, ಮೀಟ್ರೂ ಸರಿ ಇದೆ. ಸೆನ್ಸರ್ ಸತ್ತಿದೆ, ತೆರ್ಯೋ ಅಣ್ಣ. ಬೇರೆ ಹಾಕಿದ್ರೆ ಮುಗೀತು."

ಸಭೆ ಇದನ್ನು ಕೂಲಂಕಷವಾಗಿ ಪರಿಶೀಲಿಸಿತು. ಮೀಟರು ಸರ್ಕಾರಿ ಸ್ವತ್ತು, ಡೆಲ್ಫಿನ್‌ನ ಅಂಗೈ ಖಾಸಗಿ ಸ್ವತ್ತು. ಎರಡರ ನಡುವೆ ಭಿನ್ನಾಭಿಪ್ರಾಯ ಬಂದಲ್ಲಿ ಮೀಟರನ್ನೇ ನಂಬತಕ್ಕದ್ದು. ಎಂಜಿನ್ ತಣಿಸಲು ಪ್ರತಿದಿನ ಐಸ್ ಗಡ್ಡೆ ಇಡತಕ್ಕದ್ದು. ಊರಿನ ಏಕೈಕ ಐಸ್ ಕಾರ್ಖಾನೆ ಕಪಿತಾನಾರ ಮೈದುನನದ್ದಾಗಿದ್ದುದು ಕೇವಲ ಆಕಸ್ಮಿಕ. ಐಸ್ ಇಟ್ಟರೂ ಮುಳ್ಳು ಇಳಿಯದಿದ್ದಾಗ ಐಸ್ ಸಾಲದೆಂದು ತೀರ್ಮಾನಿಸಿ ದುಪ್ಪಟ್ಟು ತರಿಸಲಾಯಿತು. ಉಳಿದ ಐಸ್ ಹಾಳಾಗದಿರಲೆಂದು ಅದನ್ನು ತುರಿದು, ಹಾಲು, ಸಿಹಿ ಅವರೆ, ನೇರಳೆ ಗೆಣಸು ಬೆರೆಸಿ, ಹಾಲೋಹಾಲೋ ಮಾಡಿ ಊರಿಗೆಲ್ಲ ಹಂಚಲಾಯಿತು. ಅಲ್ಲಿಂದಾಚೆಗೆ ಸೆನ್ಸರಿನ ಮಾತೆತ್ತಿದವರನ್ನು ಊರೇ ದುರುಗುಟ್ಟಿ ನೋಡಿತು. ಡೆಲ್ಫಿನ್ ಕೂಡ ಎರಡನೇ ಬಟ್ಟಲಿಗೆ ತೆಪ್ಪಗಾದ.

ತೆರ್ಯೋ ಕಪಿತಾನಾರ ಬಳಿಗೇ ಹೋದ.

"ಸೆನ್ಸರ್ ಹೋಗಿರೋದು ನಂಗೆ ಗೊತ್ತಿಲ್ವಾ, ತೆರ್ಯೋ?" ಎಂದರು ಅವರು ಚಮಚ ನೆಕ್ಕುತ್ತ. "ಹೊಸದು ಹಾಕಿದ್ರೆ ಉದ್ಘಾಟನೆ ಮಾಡ್ಬೇಕು. ಬ್ಯಾನರ್‌ನಲ್ಲಿ ನನ್ ಮುಖದ ಪಕ್ಕ ಏನ್ ಹಾಕ್ಸ್ಲಿ? ಹೆಬ್ಬೆರಳಷ್ಟಿದೆ ಅದು. ಜನ ನಗ್ತಾರೆ."

"ಮಗಳಿಗೆ ನೋವು ಬಂದ್ರೆ, ಕಪಿತಾನಾ?"

"ಐಸ್ ಜಾಸ್ತಿ ಹಾಕ್ಸೋಣ."

ಭಾನುವಾರ ಚರ್ಚಿನಿಂದ ಬರುವಾಗಲೇ ಮರಿವಿಕ್‌ಗೆ ನೋವು ಬಂತು. ತೆರ್ಯೋ ಐಸ್ ಗಡ್ಡೆಗಳನ್ನು ಎತ್ತಿ ಎಸೆದು ಸೆನ್ಸರಿನ ವೈರು ಕಿತ್ತ. ಮುಳ್ಳು ಮಲಗಿತು, ನಿಯಮದ ಪ್ರಕಾರ ಗಾಡಿ ಹೊರಡಬಹುದಾಗಿತ್ತು, ಹೊರಟಿತು. ಸಂಜೆಯೊಳಗೆ ಹೆಣ್ಣು ಮಗು ಹುಟ್ಟಿತು. ತೆರ್ಯೋ ಆಸ್ಪತ್ರೆಯ ಜಗಲಿಯಲ್ಲಿ ಕೂತು ಮನಸಾರೆ ಅತ್ತ.

ಮರಳಿ ಬಂದಾಗ ಕಪಿತಾನಾ ಮುಳ್ಳನ್ನು ಖುದ್ದು ಪರಿಶೀಲಿಸಿ, ಐಸ್ ಕೊನೆಗೂ ಫಲ ಕೊಟ್ಟಿದೆ ಎಂದು ಘೋಷಿಸಿದರು. ಬ್ಯಾನರ್ ಏರಿತು. ಮುಖದ ಪಕ್ಕ ಐಸ್ ಗಡ್ಡೆ ಬಹಳ ಚೆನ್ನಾಗಿ ಒಪ್ಪಿತು. ಊರಿನ ಎಲ್ಲ ಮಕ್ಕಳಿಗೂ ಆಗುವಂತೆ ಈ ಮಗುವಿಗೂ ಅವರೇ ಧರ್ಮತಾಯಿಯಾಗಿ ಐಸ್ಲಿನ್ ಎಂದು ಹೆಸರಿಟ್ಟರು. ಪಾದ್ರಿಗಳು ಹುಬ್ಬೇರಿಸಲಿಲ್ಲ.

ದೀಕ್ಷಾಸ್ನಾನದ ಊಟಕ್ಕೆ ಊರೆಲ್ಲ ಪಂಚಾಯಿತಿ ಅಂಗಳದಲ್ಲಿ ನೆರೆಯಿತು. ಸುಡುಬಿಸಿಲು. ಎಂಜಿನ್ ತಣಿದಿದ್ದರಿಂದ ನಿಯಮಾನುಸಾರ ಐಸ್ ನಿಂತುಹೋಗಿತ್ತು. ಹಾಲೋಹಾಲೋ ಇಲ್ಲವೆಂದು ತಿಳಿದ ನೆಂಟರ ಮುಖ ಸಪ್ಪಗಾಯಿತು. ಮನೆಯ ಮಾನದ ಪ್ರಶ್ನೆ. ತೆರ್ಯೋ ಕೈ ಒರೆಸಿಕೊಂಡು ಹೋಗಿ, ಬಾನೆಟ್ ಎತ್ತಿ, ವೈರನ್ನು ಮತ್ತೆ ಸಿಕ್ಕಿಸಿ ಕೀಲಿ ತಿರುಗಿಸಿದ. ಮುಳ್ಳು ಕೆಂಪಿಗೇರಿತು. ಸ್ವಲ್ಪ ಹೊತ್ತಿಗೆ ಐಸ್ ಗಾಡಿ ಬಂತು. ಜನ ಚಪ್ಪಾಳೆ ತಟ್ಟಿದರು.

"ನಾಳೆ ಇನ್ಯಾರ್ಗಾದ್ರೂ ನೋವು ಬಂದ್ರೆ, ಅಣ್ಣ?" ಎಂದು ಡೆಲ್ಫಿನ್ ಮೆಲ್ಲಗೆ ಕೇಳಿದ.

ತೆರ್ಯೋ ತನ್ನ ಬಟ್ಟಲನ್ನು ಮುಂದೆ ಚಾಚಿದ.

"ಐಸ್ ಜಾಸ್ತಿ ಹಾಕ್ಸೋಣ" ಎಂದ.