ಬಂಗಾರಿಯ ಕುಬಸ

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಸೋತದ್ದು ಒಂದೇ ಸಲ. ಅದೂ ತೀರ್ಪುಗಾರರ ತಪ್ಪಿನಿಂದ. ಇಂಥ ನಾನು ನಮ್ಮ ನಾಯಿ ಬಂಗಾರಿಯ ಹೊಟ್ಟೆಯ ವಿಷಯದಲ್ಲಿ ಸೋಲುತ್ತೇನೆಂದು ನಮ್ಮ ಇಡೀ ಇಂಡಿ ಊರಲ್ಲಿ ಯಾರೂ ಎಣಿಸಿರಲಿಲ್ಲ.

ಮೈತುರಿಕೆಗೆಂದು ಆರು ತಿಂಗಳಿಂದ ಅವಳಿಗೆ ದಿನವೂ ಸ್ಟಿರಾಯ್ಡ್ ಮಾತ್ರೆ. ತುರಿಕೆ ನಿಂತಿತು, ಹೊಟ್ಟೆ ಜೋತುಬಿತ್ತು. ಬಕೆಟ್‌ಗಟ್ಟಲೆ ನೀರು ಕುಡಿದು ಮನೆತುಂಬ ಉಚ್ಚೆ ಹೊಯ್ಯುತ್ತಿದ್ದಳು. ಆರು ರೊಟ್ಟಿ ತಿಂದು, ಏಳನೆಯದಕ್ಕೆ ಅವ್ವನ ಮುಖ ನೋಡುತ್ತಿದ್ದಳು.

"ಬಂಗಾರಿ ಬಸುರಾಗ್ಯಾಳ," ಎಂದು ನಾನು ಸಾರಿದೆ.

"ಹುಚ್ಚಿ, ಮರಿ ಆಗದಂಗ ಆಪರೇಷನ್ ಮಾಡಿಸಿದಾಕಿ ನೀನ ಅಲ್ಲೇನು?" ಎಂದಳು ಅವ್ವ.

"ಅದು ಫೇಲ್ ಆಗಿಲ್ಲ ಅನ್ನಾಕ ಪುರಾವೆ ಏನೈತಿ?"

ಅವ್ವ ಸುಮ್ಮನೆ ರೊಟ್ಟಿ ಬಡಿದಳು. ಉತ್ತರವಿಲ್ಲ ಎಂದರೆ ನಾನು ಗೆದ್ದಂತೆ.

ಬಸುರಿಗೆ ಮಾತ್ರೆ ಬೇಡವೆಂದು ಅದನ್ನೂ ನಿಲ್ಲಿಸಿದೆ. ಡಾಕ್ಟರನ್ನು ಕೇಳಲಿಲ್ಲ. ಸಾಬೀತಾದದ್ದನ್ನು ಕೇಳುವುದೇಕೆ? ಸುದ್ದಿ ತಿಳಿದ ಪಕ್ಕದ ಮನೆಯ ಶಾಂತಕ್ಕ, ಬಸುರಿಗೆ ಸೀಮಂತದ ಕುಬಸ ಮಾಡಲೇಬೇಕೆಂದು ಹಸಿರು ಖಣ, ಹೋಳಿಗೆ ಹಿಡಿದು ಬಂದಳು.

"ನಾಯಿ ಆದ್ರೇನು, ಹೆಣ್ಣಜೀವ. ಬಯಕಿ ಉಳೀಬಾರದು," ಎನ್ನುತ್ತ ಬಂಗಾರಿಯ ಬೆನ್ನಿಗೆ ಖಣ ಹೊದಿಸಿ ಆರತಿ ಎತ್ತಿದಳು.

ಮರುದಿನ ಬಂಗಾರಿ ಹೋಳಿಗೆಯನ್ನು ಮೂಸಲೂ ಇಲ್ಲ. ಅದರ ಮರುದಿನ ವಾಂತಿ ಮಾಡಿಕೊಂಡು, ಎದ್ದು ನಿಲ್ಲಲಾರದೆ ಬಿದ್ದಳು. ನನ್ನ ವಾದದಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ಅದೇ ಹಸಿರು ಖಣದಲ್ಲಿ ಸುತ್ತಿ, ಟಂಟಂ ಆಟೊ ಹತ್ತಿಸಿ ಡಾಕ್ಟರ ಬಳಿ ಒಯ್ದೆ. ದಾರಿಯುದ್ದಕ್ಕೂ "ಏನೂ ಆಗೂದಿಲ್ಲ ಬಂಗಾರಿ" ಎನ್ನುತ್ತಿದ್ದೆ. ಪುರಾವೆ ಇರಲಿಲ್ಲ.

"ಬಸುರಲ್ರಿ ಇದು, ಮಾತ್ರಿ ಹೊಟ್ಟಿ," ಎಂದರು ಡಾಕ್ಟರು. "ಹಸಿವು, ನೀರಡಿಕಿ, ಉಚ್ಚಿ ಎಲ್ಲಾ ಆ ಮಾತ್ರಿದ. ಆದ್ರ ಒಮ್ಮೆಲೇ ಬಿಡಿಸಿದ್ರ ಜೀವಕ್ಕ ಕುತ್ತು. ದಿನಾ ಇಷ್ಟಿಷ್ಟ ಇಳಿಸ್ಬೇಕು. ಮೊದಲನೇ ದಿನಾನ ಹೇಳಿದ್ನೆಲ್ರಿ?"

ಹೇಳಿದ್ದರು. ಅಂದರೆ, ಹೇಳಲು ಶುರು ಮಾಡಿದ್ದರು. ನಾನು ನಡುವೆ ಆಕ್ಷೇಪ ಎತ್ತಿದ್ದೆ.

ಸಲೈನ್ ಹಚ್ಚಿ ಇಂಜೆಕ್ಷನ್ ಕೊಟ್ಟರು. ಸಂಜೆಯ ಹೊತ್ತಿಗೆ ಬಂಗಾರಿ ಎದ್ದು, ಬಾಲ ಅಲ್ಲಾಡಿಸಿ, ನನ್ನ ಚಪ್ಪಲಿಯ ಮೇಲೆ ಧಾರಾಳವಾಗಿ ಉಚ್ಚೆ ಹೊಯ್ದಳು. ಇಷ್ಟು ಸಂತೋಷ ನನಗೆ ಯಾವ ಬಹುಮಾನವೂ ಕೊಟ್ಟಿರಲಿಲ್ಲ.

ಈಗ ಡಾಕ್ಟರ ಚೀಟಿ ಅಡುಗೆಮನೆಯ ಗೋಡೆಯ ಮೇಲಿದೆ. ಅದರಲ್ಲಿರುವಂತೆ, ಒಂದು ಹೊತ್ತೂ ತಪ್ಪಿಸದೆ, ಒಂದು ಪ್ರಶ್ನೆಯನ್ನೂ ಕೇಳದೆ ಮಾತ್ರೆ ಇಳಿಸುತ್ತಿದ್ದೇನೆ. ಆ ಹೊಟ್ಟೆ ಕರಗಿಸಿಯೇ ತೀರುವೆ.

ನಿನ್ನೆ ಶಾಂತಕ್ಕ ಬಾಗಿಲಲ್ಲಿ ನಿಂತು, "ಎಷ್ಟು ಮರಿ ಹಾಕಿತ ಯವ್ವಾ?" ಎಂದು ಕೇಳಿದಳು.

ಅವ್ವ ಹಿಟ್ಟಿನ ಕೈಯಿಂದ ನನ್ನನ್ನು ತೋರಿಸಿದಳು. "ನಮ್ಮ ಮನ್ಯಾಗ ಇರೂದು ಇದೊಂದ ಮರಿ. ಇಪ್ಪತ್ತೆರಡು ವರ್ಷ ಆತು, ಇನ್ನೂ ಕಣ್ಣ ತೆರದಿಲ್ಲ."

ನಾನು ಆಕ್ಷೇಪ ಎತ್ತಲಿಲ್ಲ.