ಹಾರ್ನ್ ಹೊಡೆಯುವ ತಂಬಿಗೆ

ನಮ್ಮ ಓಣಿಯಲ್ಲಿ ನಾಲ್ಕು ಹೆಂಗಸರು ಸೇರಿದರೆ ಒಬ್ಬಳಾದರೂ ಗಂಡ ಕುಡಿಯುತ್ತಾನೆಂದು ಕಣ್ಣೊರೆಸಿಕೊಳ್ಳುತ್ತಾಳೆ. ಮಾದೇವಿಯ ಗೋಳೇ ಬೇರೆ. ಅವಳ ಗಂಡ ಲಿಂಗಪ್ಪ ಕುಡಿಯುವುದಿಲ್ಲ, ಕುಡಿಸುತ್ತಾನೆ. ಅದೂ ನೀರು. ಅದೂ ದಿನಕ್ಕೆ ಮೂರು ಲೀಟರ್.

ಲಿಂಗಪ್ಪ ನಮ್ಮ ಊರು ಮಂಕಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವನು. ಇಪ್ಪತ್ತೈದು ವರ್ಷ ಕಂಡವರ ಬಾವಿಗೆ ಇಳಿದು, ಹತ್ತಿ, ಮೋಟರುಗಳ ಹೊಟ್ಟೆ ಬಿಚ್ಚಿ ಕಟ್ಟಿ, ಕಡೆಗೆ ಜಗತ್ತಿನಲ್ಲಿ ಇರುವುದೆಲ್ಲ ಪಂಪೇ ಎಂದು ಅವನಿಗೆ ಖಾತ್ರಿಯಾಗಿತ್ತು. ದನ ಎಂದರೆ ಹಾಲಿನ ಪಂಪು. ತೆಂಗಿನಮರ ಎಂದರೆ ಕರೆಂಟಿಲ್ಲದೆ ನೀರನ್ನು ಅರವತ್ತು ಅಡಿ ಎತ್ತುವ ಪಂಪು. ಮನುಷ್ಯನೂ ಪಂಪೇ, ಆದರೆ ಗ್ಯಾರಂಟಿ ಕಾರ್ಡು ಇಲ್ಲದ್ದು. ಇಂಥ ಜ್ಞಾನೋದಯ ಆದ ಮೇಲೆ ವೈದ್ಯಶಾಸ್ತ್ರಕ್ಕೆ ಅವನ ಕೈಯಿಂದ ತಪ್ಪಿಸಿಕೊಳ್ಳಲು ದಾರಿಯೇ ಉಳಿಯಲಿಲ್ಲ.

ಅವನ ತಾಯಿ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಸಲೈನ್ ಬಾಟಲಿ ಮುಗಿಯಿತೇ ಎಂದು ಕತ್ತು ಎತ್ತಿ ನೋಡಿ ನೋಡಿ ಸಾಕಾಗಿ, ಬಾಟಲಿ ಖಾಲಿಯಾದೊಡನೆ ತಾನಾಗಿ ಬಡಿಯುವ ಗಂಟೆಯೊಂದನ್ನು ಕಂಡುಹಿಡಿದ. ಗಂಟೆಯೇನೋ ಬಡಿಯಿತು. ವಾರ್ಡಿನವರೆಲ್ಲ ಊಟದ ಗಂಟೆಯೆಂದು ತಟ್ಟೆ ಹಿಡಿದು ಸಾಲಾಗಿ ನಿಂತರು. "ಗಂಟೆ ಹೊರಗೆ ಹೋಗ್ತದೋ, ನೀವೇ ಹೊರಗೆ ಹೋಗ್ತೀರೋ?" ಎಂದು ನರ್ಸು ಕೇಳಿದಳು. ಆಮೇಲೆ, ಗದ್ದೆಗೆ ಮದ್ದು ಹೊಡೆಯುವ ಪಂಪಿನ ತುಂಡುಗಳಿಂದ, ಕೆಮ್ಮಿನ ಔಷಧಿಯನ್ನು ಅಳೆದು ನೇರ ಗಂಟಲಿಗೆ ಬಿಡುವ ಯಂತ್ರ ಮಾಡಿದ. ಔಷಧಿ ಗಂಟಲು ಬಿಟ್ಟು ಜಂತಿಗೆ ಹಾರಿತು. ಆ ಕಲೆ ಇನ್ನೂ ಇದೆ. (ಆಮೇಲೆ ಜಂತಿಗೆ ಒಂದು ದಿನವೂ ಕೆಮ್ಮು ಬಂದಿಲ್ಲ ಎಂದು ಮಾದೇವಿ ಬಂದವರಿಗೆಲ್ಲ ತೋರಿಸುತ್ತಾಳೆ.)

ಇಂಥವನ ಹೆಂಡತಿಗೆ ಕಿಡ್ನಿಯಲ್ಲಿ ಕಲ್ಲಾಗಬಾರದಿತ್ತು. ಆಯಿತು. ಹುಣಸೆಬೀಜದ ಅರ್ಧದಷ್ಟು. ಔಷಧಿಗಿಂತ ನೀರೇ ಮುಖ್ಯ, ದಿನಕ್ಕೆ ಮೂರು ಲೀಟರ್ ಕುಡಿಯಲೇಬೇಕು ಎಂದು ಹೊನ್ನಾವರದ ಡಾಕ್ಟರಮ್ಮ ಹೇಳಿ ಕಳಿಸಿದರು.

ಮಾದೇವಿಯ ಪ್ರಕಾರ ದೇವರು ನೀರನ್ನು ಸೃಷ್ಟಿಸಿದ್ದು ಮೀನು ತೊಳೆಯುವುದಕ್ಕೆ, ಅಕ್ಕಿ ತೊಳೆಯುವುದಕ್ಕೆ ಮತ್ತು ಚಾ ಕುದಿಸುವುದಕ್ಕೆ. ಬರೀ ನೀರು ಅವಳ ಗಂಟಲಲ್ಲಿ ಇಳಿಯುವುದಿಲ್ಲ.

"ಚಾದಲ್ಲಿ ಇರೂದು ಎಂತ? ನೀರೇ ಅಲ್ದಾ?" ಎಂದಳು.

"ರೇಡಿಯೇಟರಿಗೆ ಯಾರಾದ್ರೂ ಚಾ ಹಾಕ್ತಾರಾ?" ಎಂದ ಲಿಂಗಪ್ಪ.

ಎಂಟು ದಿನ ಅವನು ಶೆಡ್ಡು ಬಿಟ್ಟು ಹೊರಗೆ ಬರಲಿಲ್ಲ. ಒಂಬತ್ತನೆಯ ದಿನ, ಮಾದೇವಿಗೆ ಮದುವೆಯಲ್ಲಿ ತವರಿನವರು ಕೊಟ್ಟ ತಾಮ್ರದ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದ. ಅದರ ಬಾಯಿಗೆ ಪುಟ್ಟ ಚಕ್ರ, ಬುಡಕ್ಕೆ ಅಂಕಿ ತೋರಿಸುವ ಕಿಟಕಿ. ನೀರು ಹೊರಗೆ ಬಂದಷ್ಟೂ ಚಕ್ರ ತಿರುಗಿ ಅಂಕಿ ಏರುತ್ತದೆ. ಅರ್ಧ ಗಂಟೆ ಕುಡಿಯದೆ ಕೂತರೆ, ಮೀನಿನ ಟೆಂಪೋ ರಿವರ್ಸ್ ಬರುವಾಗ ಹೊಡೆಯುತ್ತದಲ್ಲ, ಅದೇ ಹಾರ್ನು. ಹೆಸರು 'ಸ್ವಯಂಚಾಲಿತ ಜಲಪ್ರಾಶನ ಮಾಪಕ ಮಹಾಯಂತ್ರ'. ಬರುವ ತಿಂಗಳು ಕುಮಟೆಯಲ್ಲಿ ಯಾವುದೋ ಯಂತ್ರಗಳ ಪ್ರದರ್ಶನವಂತೆ. ಅದಕ್ಕೆ ಒಬ್ಬ ರೋಗಿಯ ದಿನದಿನದ ದಾಖಲೆ ಬೇಕಂತೆ.

"ಆ ರೋಗಿ ಯಾರು?" ಎಂದು ಮಾದೇವಿ ಕೇಳಲಿಲ್ಲ. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದವಳು.

ಮೊದಲ ದಿನ ಹಾರ್ನಿಗೆ ಬೆದರಿ ಎರಡು ಲೀಟರ್ ಕುಡಿದಳು. ಹೊಟ್ಟೆ ತುಂಬಿದ ಬಾವಿಯ ಹಾಗೆ ಸದ್ದು ಮಾಡಿತು. ಎರಡನೆಯ ದಿನ ಹಿತ್ತಲಿನ ಮಲ್ಲಿಗೆ ಬುಡದಲ್ಲಿ ನಿಂತು, ಅತ್ತ ಇತ್ತ ನೋಡಿ, ತಂಬಿಗೆ ಬಗ್ಗಿಸಿದಳು. ಚಕ್ರ ತಿರುಗಿತು, ಅಂಕಿ ಏರಿತು. ನೀರು ಬಾಯಿಗೆ ಹೋಯಿತೋ ಬುಡಕ್ಕೆ ಹೋಯಿತೋ ಎಂದು ಕೇಳುವ ಬುದ್ಧಿಯನ್ನು ಲಿಂಗಪ್ಪ ಮಹಾಯಂತ್ರಕ್ಕೆ ಕೊಟ್ಟಿರಲಿಲ್ಲ. ಅಂದಿನಿಂದ ದಿನಾ ಮೂರು ಲೀಟರ್, ಒಂದು ತೊಟ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ. ಮಲ್ಲಿಗೆ ಎಲೆ ಕಾಣದ ಹಾಗೆ ಹೂ ಬಿಟ್ಟಿತು. ಮಾದೇವಿ ಒಳಗೆ ಬಂದು, ಮೂರು ಚಮಚ ಸಕ್ಕರೆ ಹಾಕಿ ಚಾ ಮಾಡಿಕೊಂಡು ಕುಡಿಯುತ್ತಿದ್ದಳು.

ಹೀಗೇ ಸಾಗುತ್ತಿತ್ತೋ ಏನೋ. ಆದರೆ ಪಂಪಿನವನಿಗೆ ನೀರು ಒಳಗೆಳೆಯುವ ಸಕ್ಷನ್ ಮಾತ್ರ ಸಾಲುವುದಿಲ್ಲ, ಹೊರಗೆ ಬಿಡುವ ಡೆಲಿವರಿಯೂ ಬೇಕು. ಒಂದು ಸೋಮವಾರ ಬಚ್ಚಲಿನಲ್ಲಿ ಗೆರೆ ಎಳೆದ ಪ್ಲಾಸ್ಟಿಕ್ ಡಬ್ಬಿ ಪ್ರತ್ಯಕ್ಷವಾಯಿತು. ಇನ್ನು ಮೇಲೆ ಒಂದಕ್ಕೆ ಹೋಗುವುದೆಲ್ಲ ಇದರಲ್ಲೇ ಆಗಬೇಕು ಎಂದು ಆಜ್ಞೆಯಾಯಿತು.

"ನಾ ಎಂತ ಹಾಸಿಗೆ ಹಿಡ್ದವಳಾ? ಮಾನ ಮರ್ಯಾದೆ ಇಲ್ವಾ ನಿಮ್ಗೆ?"

"ವಿಜ್ಞಾನದಲ್ಲಿ ಮಾನ ಇಲ್ಲ ಮಾರಾಯ್ತಿ, ಬರೀ ಮಾಪನ."

ಸಂಜೆ ಲಿಂಗಪ್ಪ ಡಬ್ಬಿ ನೋಡಿದ, ತಂಬಿಗೆ ನೋಡಿದ, ಮಾದೇವಿಯನ್ನು ಮೇಲಿಂದ ಕೆಳಗೆ ನೋಡಿದ. ಸೋರುವ ಪೈಪನ್ನು ನೋಡುವ ನೋಟ ಅದು.

"ಒಳಗೆ ಮೂರು ಲೀಟರ್. ಹೊರಗೆ ಎಂಟುನೂರು ಎಂಎಲ್. ಉಳಿದದ್ದು ಎಲ್ಲಿ ಅದೆ?"

"ಬೆವರು ಬತ್ತದಲ್ಲ."

"ಎರಡು ಲೀಟರ್ ಬೆವರೂಕೆ ನೀನು ಎಂತ ಬಂದರಿನಲ್ಲಿ ಮಂಜುಗಡ್ಡೆ ಹೊರ್ತಿಯಾ? ಇದು ಲೀಕೇಜು. ಇಲ್ಲಾ ಫುಟ್‌ವಾಲ್ವ್ ಹೋಗ್ಯದೆ. ನಾಳೆ ನಾಡಿದ್ದರಲ್ಲಿ ಸರಿ ಆಗ್ದಿದ್ರೆ ಕುಮಟೆಗೆ ಕರ್ಕೊಂಡು ಹೋಗಿ ಎಂಟು ದಿವಸ ಅಡ್ಮಿಟ್ ಮಾಡ್ಸೂದೇ ಸೈ."

ಮಾದೇವಿ ಬೆರಳು ಮಡಚಿ ದಿನ ಎಣಿಸಿದಳು. ಬರುವ ಭಾನುವಾರ ತವರೂರು ಬಾಡದಲ್ಲಿ ಅಣ್ಣ ಜಟ್ಟಿಯ ಮಗಳು ನೇತ್ರಾಳ ಮದುವೆ. ಮದುಮಗಳಿಗೆ ಹೂ ಮುಡಿಸಬೇಕಾದ ಸೋದರತ್ತೆ ಇವಳೊಬ್ಬಳೇ. ಅದಕ್ಕಿಂತ ದೊಡ್ಡ ಮಾತೆಂದರೆ ತವರಿನ ಕಡಲೆಬೇಳೆ ಪಾಯಸ. ಕಾಯಿಹಾಲು, ಬೆಲ್ಲ, ಮೇಲೆ ತುಪ್ಪದಲ್ಲಿ ಹುರಿದ ಗೋಡಂಬಿ. ಆ ಪಾಯಸಕ್ಕಾಗಿ ಅವಳು ಆರು ತಿಂಗಳಿಂದ ಬದುಕಿದ್ದಳು. ಆಸ್ಪತ್ರೆ ಹಾಸಿಗೆಯಲ್ಲಿ ಗಂಜಿ ಕುಡಿಯುತ್ತಾ ಆ ಭಾನುವಾರ ಕಳೆಯುವುದೇ?

ಮಂಗಳವಾರ ಡಬ್ಬಿಗೆ ಎರಡು ಲೀಟರ್ ಬಾವಿನೀರು ಸೇರಿಸಿದಳು. ಲಿಂಗಪ್ಪ ಅದರೊಳಗೆ, ಬ್ಯಾಟರಿ ನೀರಿನ ದಪ್ಪ ನೋಡುವ, ದಪ್ಪವಿದ್ದರೆ ತೇಲುವ ಗಾಜಿನ ನಳಿಗೆಯನ್ನು ಬಿಟ್ಟ. ಅದು ತಳ ಮುಟ್ಟಿತು.

"ಅಳತೆ ಸರಿ ಬಂತು. ಆದ್ರೆ ಬಣ್ಣ ಇಲ್ಲ, ತೂಕ ಇಲ್ಲ. ಹಾಕಿದ ನೀರು ಹಾಗೇ ಹೊರಗೆ ಬತ್ತಾ ಅದೆ. ಫಿಲ್ಟರೇ ಕೆಲ್ಸ ಮಾಡ್ತಿಲ್ಲ! ನಾಳೆ ಕುಮಟೆ."

"ಒಂದು ದಿನ ನೋಡಿ. ಎಲ್ಲಾ ಮೋಟರೂ ಶುರುವಿಗೆ ಹಾಗೇ ಅಲ್ದಾ?" ಎಂದಳು ಮಾದೇವಿ. ಗಂಡನ ಭಾಷೆ ಅವಳಿಗೂ ಅಷ್ಟಿಷ್ಟು ಬರುತ್ತಿತ್ತು.

ಬುಧವಾರ ಅಡುಗೆಮನೆಯಲ್ಲಿ ನಿಂತು ಯೋಚಿಸಿದಳು. ಬಣ್ಣ ಬೇಕು, ತೂಕವೂ ಬೇಕು. ಎದುರಿಗೆ, ತವರಿನಿಂದ ಬಂದ ಜೋನಿ ಬೆಲ್ಲದ ಭರಣಿ ಕೂತಿತ್ತು. ದೋಸೆಗೆ ಹಚ್ಚಿಕೊಳ್ಳುವ, ಜೇನಿನಂತೆ ನೂಲು ನೂಲಾಗಿ ಇಳಿಯುವ, ಹೊನ್ನಿನ ಬಣ್ಣದ ಬೆಲ್ಲ. ಮಾದೇವಿಯ ಮುಖದಲ್ಲಿ ಬೆಳಕು ಹರಿಯಿತು. (ಒಂದೇ ಮನೆಯಲ್ಲಿ ಇಬ್ಬರು ವಿಜ್ಞಾನಿಗಳು ಇರಬಾರದು ಎನ್ನುವುದು ಇದಕ್ಕೇ.)

ಡಬ್ಬಿಗೆ ಹಾಕಿದ ಬಾವಿನೀರಿಗೆ ನಾಲ್ಕು ಸೌಟು ಬೆಲ್ಲ ಸೇರಿಸಿದಳು. ನಳಿಗೆ ರಾಜಗಾಂಭೀರ್ಯದಿಂದ ತೇಲಿತು. ಲಿಂಗಪ್ಪ ಹೆಂಡತಿಯ ಬೆನ್ನು ತಟ್ಟಿದ. "ಭಲೇ! ಹೊಸಾ ಮೋಟರಿನ ಹಾಗೆ ಆತು ನೋಡು!" ಮದುವೆಯಾದ ಮೇಲೆ ಅವನು ಅವಳನ್ನು ಹೊಗಳಿದ್ದು ಅದೇ ಮೊದಲು. ಅವಳಿಗೆ ಖುಷಿಯೂ ಆಯಿತು. ಗುರುವಾರ ಮತ್ತೆ ನಾಲ್ಕು ಸೌಟು.

ಶುಕ್ರವಾರ ಬೆಳಿಗ್ಗೆ ಪಕ್ಕದ ಮನೆಯ ಬೊಮ್ಮಕ್ಕ ಹುಳಿಗೆ ಮಜ್ಜಿಗೆ ಕೇಳಲು ಬಂದವಳು ಹಿತ್ತಲಿನಲ್ಲೇ ನಿಂತುಬಿಟ್ಟಳು. ಬಾವಿಕಟ್ಟೆಯಿಂದ ಬಚ್ಚಲಿನವರೆಗೆ ಇರುವೆಗಳ ಮೆರವಣಿಗೆ. ಕೆಂಪಿರುವೆ, ಕಪ್ಪಿರುವೆ, ನಮ್ಮ ಊರಿನಲ್ಲಿ ಯಾರೂ ನೋಡಿರದ ಒಂದು ಜಾತಿಯ ರೆಕ್ಕೆಯಿರುವೆ. ಎಲ್ಲವೂ ಡಬ್ಬಿಗೆ ಮುತ್ತಿದ್ದವು.

"ಅಯ್ಯೋ ಮಾದೇವೀ! ನಮ್ಮ ಮಾವನಿಗೂ ಹೀಗೇ ಆಗಿತ್ತೇ! ಅವರು ಹೋದಲ್ಲೆಲ್ಲ ಇರುವೆ ಹೋಗ್ತಿತ್ತು. ಆಮೇಲೆ ಅವರೇ ಹೋದ್ರು! ಇದು ಸಕ್ಕರೆ ಕಾಯ್ಲೆ, ಅನುಮಾನವೇ ಬ್ಯಾಡ!"

ಬೊಮ್ಮಕ್ಕನ ದನಿ ಹೆದ್ದಾರಿಯವರೆಗೆ ಕೇಳುವಂಥದ್ದು. ಲಿಂಗಪ್ಪ ಓಡಿ ಬಂದ, ಇರುವೆ ಸೋಸಿದ, ಒಂದು ಸೀಸೆ ತುಂಬಿಕೊಂಡ, ಹೊನ್ನಾವರದ ಲ್ಯಾಬಿಗೆ ಹೊರಟೇಬಿಟ್ಟ. "ನಿಲ್ಲಿ, ನಿಲ್ಲಿ!" ಎಂದು ಮಾದೇವಿ ಗೇಟಿನವರೆಗೆ ಓಡಿದಳು. ಬೈಕು ಆಗಲೇ ತಿರುವು ದಾಟಿತ್ತು.

ಶನಿವಾರ ವರದಿ ಬಂತು. ಸಕ್ಕರೆ ಎದುರು ನಾಲ್ಕು ಪ್ಲಸ್ಸು. ಅದಕ್ಕಿಂತ ಹೆಚ್ಚು ಪ್ಲಸ್ಸು ಹಾಕಲು ಶಾಸ್ತ್ರದಲ್ಲಿ ಅವಕಾಶವಿಲ್ಲವಂತೆ. "ಇವರು ನಡೆದಾಡ್ತಾ ಇದ್ದಾರಾ?" ಎಂದು ಲ್ಯಾಬಿನವನು ಕೇಳಿದನಂತೆ. ಸೋಮವಾರ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು. ಅಲ್ಲಿಯವರೆಗೆ ಸಿಹಿ ಮುಟ್ಟುವ ಹಾಗಿಲ್ಲ.

"ಮದುವೆಗೆ ಹೋಗೂಕೆ ತೊಂದ್ರೆ ಇಲ್ಲ ಹೇಳ್ದ," ಎಂದ ಲಿಂಗಪ್ಪ. ಅವನ ಕಣ್ಣಲ್ಲಿ ನಿಜವಾದ ನೀರಿತ್ತು. ಅದನ್ನು ನೋಡಿ ಮಾದೇವಿ ಲೆಕ್ಕ ಹಾಕಿದಳು. ಈಗ ನಿಜ ಹೇಳಿದರೆ ಅಷ್ಟೂ ದಿನದ ದಾಖಲೆ ಹಾಳು, ಬೆನ್ನು ತಟ್ಟಿದ್ದೂ ವಾಪಸ್ಸು. ಒಂದು ದಿನ ತಡೆದುಕೊಂಡರಾಯಿತು, ಪಾಯಸದ ಹೊತ್ತಿಗೆ ಇವರು ಬೇರೆ ಪಂಕ್ತಿಯಲ್ಲಿ ಇರುತ್ತಾರಲ್ಲ ಎಂದುಕೊಂಡಳು. ಡಬ್ಬಿ ತೊಳೆದು ಬಿಸಿಲಿಗೆ ಇಟ್ಟಳು.

ಬಾಡದ ಮದುವೆಮನೆಗೆ ಮಾದೇವಿಯ ಜೊತೆ ಮಹಾಯಂತ್ರವೂ ಬಂತು. ಅರ್ಧ ಗಂಟೆಗೊಮ್ಮೆ ಲಿಂಗಪ್ಪ ಎದುರು ನಿಂತು ಕುಡಿಸಿದ. ಬುಡಕ್ಕೆ ಸುರಿಯಲು ಅಲ್ಲಿ ಮಲ್ಲಿಗೆ ಎಲ್ಲಿ? ಅದು ನೇತ್ರಾಳ ಜಡೆಯಲ್ಲಿತ್ತು. ಮುಹೂರ್ತದ ಹೊತ್ತಿಗೆ ಗಡಿಬಿಡಿಯಲ್ಲಿ ಅವನೂ ಮರೆತ. ಮದುಮಗ ಮಾಲೆ ಎತ್ತಿದ್ದೇ ತಡ, ಚೀಲದೊಳಗಿಂದ ಟೆಂಪೋ ಹಾರ್ನು. ಹಿಂದೆ ಮೀನಿನ ಗಾಡಿ ಬಂತೆಂದು ಚಪ್ಪರದ ಜನವೆಲ್ಲ ಸೀರೆ ಪಂಚೆ ಎತ್ತಿಕೊಂಡು ಸರಿದರು. ಮದುಮಗನೂ ಎರಡು ಹೆಜ್ಜೆ ಹಿಂದೆ ಹೋದ. ಭಟ್ಟರು ಮಾತ್ರ ಮಂತ್ರ ನಿಲ್ಲಿಸದೆ ಕಾಲು ಮೇಲೆ ಎಳೆದುಕೊಂಡರು.

ಊಟಕ್ಕೆ ಕೂತರೆ ಪಂಕ್ತಿಯೂ ಒಂದೇ! ಲಿಂಗಪ್ಪ ಪಕ್ಕದ ಎಲೆಯಲ್ಲೇ ಇದ್ದ. ಪಾಯಸದ ಬಕೆಟ್ಟು ಹಿಡಿದು ಅಣ್ಣ ಜಟ್ಟಿಯೇ ಬಂದ. ಪರಿಮಳ ಮೊದಲು ಬಂತು, ಅಣ್ಣ ಆಮೇಲೆ. "ತಂಗೀ, ನಿಂಗೆ ಎರಡು ಸೌಟು" ಎಂದು ಬಗ್ಗುವುದರೊಳಗೆ ಲಿಂಗಪ್ಪ ಅವಳ ಎಲೆಯ ಮೇಲೆ ಕೈ ಅಡ್ಡ ಹಿಡಿದ.

"ಬ್ಯಾಡ ಭಾವ. ಅವಳಿಗೆ ಸಕ್ಕರೆ. ನಾಲ್ಕು ಪ್ಲಸ್ಸು."

ಬಕೆಟ್ಟು ಮುಂದೆ ಸರಿಯತೊಡಗಿತು. ಮಾದೇವಿ ಇನ್ನು ತಡೆಯಲಾರದೆ ಎಲೆ ಮುಂದೆ ಎದ್ದು ನಿಂತಳು.

"ನಂಗೆ ಯಾವ ಸಕ್ಕರೆಯೂ ಇಲ್ಲ! ಆ ಡಬ್ಬಿಗೆ ಜೋನಿ ಬೆಲ್ಲ ಹಾಕಿದ್ದು ನಾನೇ! ನೀರು ಕುಡಿದದ್ದು ಮಲ್ಲಿಗೆ! ಅಣ್ಣಾ, ಬಕೆಟ್ಟು ಇಲ್ಲಿ ತಾ!"

ಎದುರು ಸಾಲಿನ ಮುದುಕಿಯೊಬ್ಬಳು ನಿಟ್ಟುಸಿರು ಬಿಟ್ಟಳು. "ಪಾಪ, ತಲೆಗೇ ಏರ್ಯದೆ. ನಮ್ಮ ದೊಡ್ಡಮ್ಮನೂ ಲಡ್ಡುವಿಗಾಗಿ ಹೀಗೇ ಕತೆ ಕಟ್ತಿತ್ತು."

"ಮೂತ್ರಕ್ಕೆ ಯಾರಾದ್ರೂ ಬೆಲ್ಲ ಹಾಕ್ತಾರಾ ತಂಗೀ?" ಎಂದು ಜಟ್ಟಿ ಕಣ್ಣೊರೆಸಿಕೊಂಡ. ಅಣ್ಣನ ಪ್ರೀತಿ ದೊಡ್ಡದು. ಅವಳ ಎಲೆಗೆ ತಾನೇ ಎರಡು ಸಲ ಹಾಗಲಕಾಯಿ ಪಲ್ಯ ಬಡಿಸಿದ.

ಸೋಮವಾರ ರಕ್ತದ ವರದಿ ಬಂತು. ಎಲ್ಲಾ ಸರಿಯಾಗಿತ್ತು. ಮಾದೇವಿ ಡಾಕ್ಟರಮ್ಮನ ಎದುರೇ ಗಂಡನತ್ತ ತಿರುಗಿದಳು. "ನೋಡಿ! ನಾ ಹೇಳಿದ್ನಲ್ಲ!"

ಲಿಂಗಪ್ಪನ ಮುಖ ಅರಳಿತ್ತು. "ಶನಿವಾರ ನಾಲ್ಕು ಪ್ಲಸ್ಸು, ಸೋಮವಾರ ಸೊನ್ನೆ. ಎಂತ ಔಷಧಿ ಕೊಟ್ಟಿದ್ದು? ಎಂತದೂ ಇಲ್ಲ. ಭಾನುವಾರ ನಾ ಎದುರು ನಿಂತು ಕುಡಿಸಿದ ಮೂರು ಲೀಟರ್ ಮಾತ್ರ. ಲೈನೇ ತೊಳ್ದು ಹೋಗ್ಯದೆ!"

ಹೊರಗೆ ನಲವತ್ತು ಜನ ಕಾಯುತ್ತಿದ್ದರು. ಡಾಕ್ಟರಮ್ಮ ತಲೆ ಎತ್ತದೆ, "ಒಳ್ಳೇದಾಯ್ತು, ನೀರು ಮಾತ್ರ ಬಿಡಬೇಡಿ" ಎಂದು ಮುಂದಿನವರನ್ನು ಕರೆದರು.

ಸಂಜೆಯ ಹೊತ್ತಿಗೆ ಬೊಮ್ಮಕ್ಕನ ದನಿಯಲ್ಲಿ ಸುದ್ದಿ ಹೆದ್ದಾರಿ ದಾಟಿತ್ತು. ಬಚ್ಚಲಿಗೆ ಇರುವೆ ಬರುವುದೂ ನಿಂತಿತ್ತಲ್ಲ, ಅದಕ್ಕಿಂತ ಸಾಕ್ಷಿ ಬೇಕೇ? ಓಣಿಯವರು ತಮ್ಮ ತಮ್ಮ ತಂಬಿಗೆ ಹಿಡಿದು ಶೆಡ್ಡಿನ ಮುಂದೆ ನಿಂತರು. ಮಾದೇವಿ ಒಬ್ಬೊಬ್ಬರಿಗೂ ನಿಜ ಹೇಳಿದಳು. ಒಬ್ಬೊಬ್ಬರೂ, "ಹೌದೌದು, ಬಾಡದಲ್ಲೂ ಹೇಳಿದ್ಯಂತೆ, ನೀ ಆರಾಮ್ ಮಾಡು" ಎಂದರು.

ಪ್ರದರ್ಶನಕ್ಕಾಗಿ ಲಿಂಗಪ್ಪ ಯಂತ್ರವನ್ನು ತಿದ್ದಿದ. ಈಗ ತಂಬಿಗೆಗೆ ಒಂದು ನಳಿಗೆ. ತುಟಿ ಒತ್ತಿ ಹೀರಿದರೆ ಮಾತ್ರ ಅಂಕಿ ಏರುತ್ತದೆ. ನಡುವೆ ತುಟಿ ಬಿಟ್ಟರೆ ಹಾರ್ನು. ಬಗ್ಗಿಸಿದರೆ ಒಂದು ತೊಟ್ಟೂ ಬೀಳುವುದಿಲ್ಲ.

ಹದಿನೈದು ದಿನ ಕಳೆಯಿತು. ಮಾದೇವಿ ಹಿತ್ತಲ ಮೆಟ್ಟಿಲ ಮೇಲೆ ನಳಿಗೆ ಕಚ್ಚಿಕೊಂಡು ಕೂತಿದ್ದಳು. ಎರಡು ಲೀಟರ್ ಏಳುನೂರು ಆಗಿತ್ತು. ಲಿಂಗಪ್ಪ ಮಲ್ಲಿಗೆ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಣಗಿದ ಎಲೆಯೊಂದನ್ನು ತಿರುಗಿಸಿ ಮುರುಗಿಸಿ ನೋಡಿದ. ಬುಡದ ಮಣ್ಣು ಕೆದಕಿದ. ಹುಬ್ಬು ಗಂಟಿಕ್ಕಿತು. ಎಷ್ಟಾದರೂ ಪಂಪಿನವನು, ನೀರಿನ ಜಾಡು ಗೊತ್ತು.

"ಮಾದೇವೀ, ಇದಕ್ಕೆ ಇಷ್ಟು ದಿನ ಭರ್ತಿ ನೀರು ಸಿಕ್ತಿತ್ತು. ದಿನಕ್ಕೆ ಏನಿಲ್ಲಂದ್ರೂ ಮೂರು ಲೀಟರ್. ಈಗ ಎಲ್ಲೋ ಬಂದ್ ಆಗ್ಯದೆ. ಯಾರು ಹಾಕ್ತಿದ್ರು ಹೇಳು?"

ಮಾದೇವಿ ನಿಜ ಹೇಳಲು ಬಾಯಿ ತೆರೆದಳು. ತಂಬಿಗೆ ಹಾರ್ನ್ ಹೊಡೆಯಿತು. ಓಣಿಯಲ್ಲಿ ಹೋಗುತ್ತಿದ್ದವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದು ನಿಂತರು.